ಧರ್ಮಬಂಧುಗಳ ಸ್ಥಿತೀಕರಣ

ಸೇಡಂ ತಾಲ್ಲೂಕಿನ ಮಳಖೇಡವು ಪೂರ್ವಕಾಲದಲ್ಲಿ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವಾಗಿದ್ದಿತೆಂಬುದು ವಾಚಕರಿಗೆ ವಿದಿತವಾದ ಸಂಗತಿಯೇ ಆಗಿದೆ. ಕಾಗಿಣಾ ನದಿಯ ದಂಡೆಯ ಆ ಊರಿನಲ್ಲಿ ಅಮೋಘವರ್ಷ ನೃಪತುಂಗನ ಕಾಲಕ್ಕೆ ಜೈನಶಾಸ್ತ್ರಗಳ ಅಧ್ಯಯನವು ಉನ್ನತ ಸ್ಥಿತಿಯಲ್ಲಿದ್ದಿತು. ಜಿನಸೇನಾಚಾರ್ಯರು ಆರಂಭಿಸಿದ ಸಂಸ್ಕೃತ ಮಹಾಪುರಾಣವನ್ನು ಅವರ ಶಿಷ್ಯರಾದ ಗುಣಭದ್ರಾಚಾರ್ಯರು ಪೂರ್ಣಗೊಳಿಸಿದುದೂ ಆ ಪರಂಪರೆಯಲ್ಲಿಯೇ. ಜೈನಾಚಾರ್ಯರು ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಆರನೆಯದು ಸ್ಥಿತೀಕರಣ, ಏಳನೆಯದು ವಾತ್ಸಲ್ಯ. ಶ್ರದ್ಧೆಯಿಂದಾಗಲಿ ಆಚಾರದಿಂದಾಗಲಿ ಜಾರುತ್ತಿರುವ ಧರ್ಮಬಂಧುವನ್ನು ಮರಳಿ ನೆಲೆಗೊಳಿಸುವುದು ಸ್ಥಿತೀಕರಣವೆನಿಸುವುದು. ಅವನನ್ನು ನಿಷ್ಕಪಟವಾದ ಪ್ರೀತಿಯಿಂದ ಆದರಿಸುವುದು ವಾತ್ಸಲ್ಯವೆನಿಸುವುದು. ತನ್ನ ಶ್ರದ್ಧೆಯೊಂದನ್ನೇ ಕಾಪಾಡಿಕೊಂಡರೆ ಸಾಲದು, ನೆರೆಯವನ ಶ್ರದ್ಧೆಗೂ ಊರುಗೋಲಾಗಬೇಕು, ಅದಿಲ್ಲದಿದ್ದರೆ ತನ್ನ ಶ್ರದ್ಧೆಯೇ ಅಂಗಹೀನವಾಗುವುದು ಎಂಬುದು ಇದರ ತಾತ್ಪರ್ಯ.

ಈ ಅಂಗಕ್ಕೆ ಸಮಂತಭದ್ರಾಚಾರ್ಯರು ಶ್ರೇಣಿಕನ ಮಗನಾದ ವಾರಿಷೇಣನನ್ನು ಉದಾಹರಣೆಯಾಗಿ ಹೆಸರಿಸಿದ್ದಾರೆ. ದೀಕ್ಷೆ ಪಡೆದ ಬಳಿಕವೂ ಬಿಟ್ಟು ಬಂದ ಹೆಂಡತಿಯನ್ನು ನೆನೆದು ಕೊರಗುತ್ತಿದ್ದ ಗೆಳೆಯನನ್ನು ವಾರಿಷೇಣನು ನಿಂದಿಸಲಿಲ್ಲ. ಅವನನ್ನು ತನ್ನ ಅರಮನೆಗೆ ಕರೆದೊಯ್ದು, ತಾನು ತೊರೆದ ಸಂಪತ್ತನ್ನೂ ಸತಿಯರನ್ನೂ ತೋರಿಸಿದನು. ಗೆಳೆಯನ ಮನಸ್ಸು ತಾನಾಗಿಯೇ ನೆಟ್ಟಗಾಯಿತು. ಜಾರುವವನ ಜೊತೆಗೆ ತಾನೂ ನಾಲ್ಕು ಹೆಜ್ಜೆ ನಡೆದು ಅವನನ್ನು ಹಿಂದಿರುಗಿಸುವುದೇ ಈ ಕಥೆಯ ಮರ್ಮವಾಗಿದೆ.

ಕ್ರೈಸ್ತ ಧರ್ಮದಲ್ಲಿಯೂ ಇದೇ ಅಂಗವು ಮೊದಲಿನಿಂದ ಪ್ರಧಾನವಾಗಿದೆ. ಅಪೊಸ್ತಲರ ಕೃತ್ಯಗಳಲ್ಲಿ ಸೈಪ್ರಸ್ ದ್ವೀಪದ ಯೋಸೇಫನೆಂಬವನಿಗೆ ಅಪೊಸ್ತಲರು ಬಾರ್ನಬನೆಂಬ ಹೆಸರಿಟ್ಟರೆಂದಿದೆ. ಧೈರ್ಯದಾಯಕನೆಂಬುದು ಆ ಹೆಸರಿನ ನಿರುಕ್ತ. ಮೊದಲು ಕ್ರೈಸ್ತರನ್ನು ಹಿಂಸಿಸಿದ್ದ ಪೌಲನನ್ನು ಯೆರೂಸಲೇಮಿನ ಶಿಷ್ಯರು ನಂಬಲು ಅಂಜಿದಾಗ, ಕೈಹಿಡಿದು ಸಭೆಯೊಳಗೆ ಕರೆತಂದವನು ಈ ಬಾರ್ನಬನೇ. ಆ ಪೌಲನು ಮುಂದೆ ಥೆಸಲೋನಿಕ ಮೊದಲಾದ ಊರುಗಳ ಸಭೆಗಳಿಗೆ ಬರೆದ ಪತ್ರಗಳಲ್ಲಿ ಪರಸ್ಪರ ಧೈರ್ಯ ಹೇಳಿರೆಂದು ಮತ್ತೆ ಮತ್ತೆ ಎಚ್ಚರಿಸುತ್ತಾನೆ. ಈ ಉಪದೇಶವು ಕನ್ನಡ ನಾಡಿನಲ್ಲಿ ಹೇಗೆ ಆಚರಣೆಗೆ ಬಂದಿತೆಂಬುದನ್ನು ಕರಾವಳಿಯ ಕ್ರೈಸ್ತರ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಎರಡು ಸಲ ಆ ಸಮಾಜವು ಗುರುಗಳ ನೆರವಿಲ್ಲದೆ ನಿಲ್ಲಬೇಕಾಯಿತು. ಒಮ್ಮೆ ಗುರುಗಳೇ ತಮ್ಮೊಳಗೆ ವಿವಾದಕ್ಕೆ ನಿಂತದ್ದರಿಂದ. ಇನ್ನೊಮ್ಮೆ ಸಮಾಜಕ್ಕೆ ಸಮಾಜವೇ ಸೆರೆಗೆ ಹೋದುದರಿಂದ.

೧

ಪೋರ್ಚುಗೀಸರು ೧೫೬೮ರಲ್ಲಿ ಮಂಗಳೂರಿನಲ್ಲಿ ಕೋಟೆಯನ್ನು ಕಟ್ಟಿದರು; ಅಲ್ಲಿಯ ರೊಸಾರಿಯೊ ದೇವಾಲಯದ ಮೂಲವೂ ಆ ವರ್ಷದ್ದೇ. ಗೋವೆಯಲ್ಲಿ ೧೫೬೦ರಲ್ಲಿ ಸ್ಥಾಪಿತವಾದ ಧರ್ಮವಿಚಾರಣಾ ನ್ಯಾಯಾಲಯದ ಭಯ, ಕ್ಷಾಮಗಳು, ಯುದ್ಧಗಳು, ಇವೆಲ್ಲ ಕಾರಣಗಳಿಂದ ಕೊಂಕಣಿ ಮಾತನಾಡುವ ಕ್ರೈಸ್ತ ಕುಟುಂಬಗಳು ದಕ್ಷಿಣಕ್ಕೆ ಸರಿದು ಕೆನರಾ ಸೀಮೆಯಲ್ಲಿ ಬೇಸಾಯಕ್ಕೆ ನಿಂತವು. ಕೆಳದಿಯ ಶಿವಪ್ಪನಾಯಕನು ೧೬೫೪ರ ಹೊತ್ತಿಗೆ ಪೋರ್ಚುಗೀಸರ ಕೋಟೆಗಳನ್ನು ವಶಪಡಿಸಿಕೊಂಡ ಮೇಲೆ ಈ ಕುಟುಂಬಗಳು ಕೆಳದಿಯ ಪ್ರಜೆಗಳಾಗಿ ಉಳಿದವು. ಅರಸರಿಂದ ಇವರಿಗೆ ಉಪದ್ರವವಾಗಲಿಲ್ಲ. ಮಂಗಳೂರಿನ ಮಿಲಾಗ್ರಿಸ್ ದೇವಾಲಯವು ೧೬೮೦ರಲ್ಲಿ ಕಟ್ಟಲ್ಪಟ್ಟುದು ಕೆಳದಿಯ ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿಯೇ. ಅದರ ನಿವೇಶನವು ರಾಣಿಯ ದಾನವೆಂದು ಪರಂಪರೆಯು ಹೇಳುತ್ತದೆ.

ತೊಂದರೆಯು ಒಳಗಿನಿಂದ ಬಂದಿತು. ಪೂರ್ವದೇಶಗಳ ಧರ್ಮಾಧಿಕಾರವು ಪೋರ್ಚುಗಲ್ಲಿನ ದೊರೆಗೆ ಪೂರ್ವದಿಂದ ಸಂದ ಹಕ್ಕೆಂದು ಗೋವೆಯವರು ವಾದಿಸುತ್ತಿದ್ದರು. ಧರ್ಮಪ್ರಸಾರದ ಮೇಲ್ವಿಚಾರಣೆಗೆಂದು ೧೬೨೨ರಲ್ಲಿ ರೋಮಿನಲ್ಲಿ ಸ್ಥಾಪಿತವಾದ ಮಂಡಳಿಯು ತಾನೇ ನೇರವಾಗಿ ಬಿಷಪರನ್ನು ನೇಮಿಸತೊಡಗಿತು. ಗೋವೆಯವರೇ ಆದ ಬಿಷಪ್ ತೋಮಸ್ ದ ಕಾಸ್ತ್ರೊ ಎಂಬವರು ರೋಮಿನ ನೇಮಕದ ಮೇಲೆ ಕೆನರಾಕ್ಕೆ ಬಂದರು. ಗೋವೆಯ ಅಧಿಕಾರಿಗಳು ಅವರನ್ನು ಒಪ್ಪಲಿಲ್ಲ. ಒಂದು ಪಕ್ಷದ ಗುರುವಿನಿಂದ ಸಂಸ್ಕಾರ ಪಡೆದವನಿಗೆ ಅದು ಅಸಿಂಧುವೆಂದು ಇನ್ನೊಂದು ಪಕ್ಷವು ಹೇಳುವ ಸ್ಥಿತಿ ಒದಗಿತು. ಮಗುವಿನ ದೀಕ್ಷಾಸ್ನಾನವಾಗಲಿ, ಮಗಳ ಮದುವೆಯಾಗಲಿ, ಸಾಯುವವನ ಅಂತ್ಯಸಂಸ್ಕಾರವಾಗಲಿ ಸಿಂಧುವೋ ಅಸಿಂಧುವೋ ಎಂಬ ಸಂದೇಹದಲ್ಲಿ ಸಾಮಾನ್ಯ ಗೃಹಸ್ಥನು ತೊಳಲಿದನು. ಪಂಡಿತರ ವಾದವು ಪಾಮರನ ಶ್ರದ್ಧೆಯನ್ನು ಅಲುಗಾಡಿಸುವುದು ಯಾವ ಮತದಲ್ಲಿಯೂ ಹೊಸತಲ್ಲ.

ಇಂತಹ ಸಮಯದಲ್ಲಿ ೧೬೮೧ರಲ್ಲಿ ಗೋವೆಯಿಂದ ಕೆನರಾಕ್ಕೆ ಬಂದವರು ಜೋಸೆಫ್ ವಾಜ್. ಇವರು ೧೬೫೧ನೆಯ ಏಪ್ರಿಲ್ ೨೧ರಂದು ಸಾಲ್ಸೆಟ್ ಸೀಮೆಯ ಬಾಣಾವಳಿಯಲ್ಲಿ ಜನಿಸಿ, ೧೬೭೬ರಲ್ಲಿ ಗುರುದೀಕ್ಷೆಯನ್ನು ಪಡೆದಿದ್ದರು. ಇವರು ಗೋವೆಯ ಪಕ್ಷದಿಂದ ಅಧಿಕಾರ ಪಡೆದು ಬಂದವರಾದರೂ ಬಿಷಪ್ ಕಾಸ್ತ್ರೊ ಅವರನ್ನು ವಿರೋಧಿಯಾಗಿ ಕಾಣಲಿಲ್ಲ. ಅವರನ್ನು ತಾವೇ ಹೋಗಿ ಕಂಡು, ರೋಮಿನಿಂದ ಅಂತಿಮ ನಿರ್ಣಯವು ಬರುವವರೆಗೆ ಜನರ ಧರ್ಮಕಾರ್ಯವು ನಿಲ್ಲದಂತೆ ಒಂದು ಒಪ್ಪಂದಕ್ಕೆ ಬಂದರು. ವಾದದಲ್ಲಿ ಯಾರು ಗೆಲ್ಲುವರೆಂಬುದಕ್ಕಿಂತ ಜನರು ಸೋಲಬಾರದೆಂಬುದೇ ಅವರಿಗೆ ಮುಖ್ಯವಾಗಿದ್ದಿತು.

ವಾಜ್ ಅವರು ಮೂರು ವರ್ಷಗಳ ಕಾಲ ಮಂಗಳೂರು, ಬಸರೂರು, ಗಂಗೊಳ್ಳಿ, ಹೊನ್ನಾವರ ಮೊದಲಾದ ಕಡೆಗಳಲ್ಲಿ ಸಂಚರಿಸಿದರು. ಬಿದ್ದ ಪ್ರಾರ್ಥನಾಮಂದಿರಗಳನ್ನು ಎತ್ತಿಸಿದರು. ಮಕ್ಕಳಿಗೆ ಸಣ್ಣ ಶಾಲೆಗಳನ್ನು ತೆರೆಸಿದರು. ಗೃಹಸ್ಥರು ಕೂಡಿ ಪ್ರಾರ್ಥನೆ, ದಾನ, ರೋಗಿಗಳ ಶುಶ್ರೂಷೆಗಳನ್ನು ನಡೆಸುವಂತೆ ಸಂಘಗಳನ್ನು ಏರ್ಪಡಿಸಿದರು. ಗುರುವು ಊರಲ್ಲಿಲ್ಲದ ದಿನವೂ ಧರ್ಮವು ಊರಲ್ಲಿರಬೇಕೆಂಬುದು ಈ ವ್ಯವಸ್ಥೆಯ ಗುರಿ. ಮಂಗಳೂರಿನ ಬಳಿಯ ಮುಡಿಪಿನ ಗುಡ್ಡದಲ್ಲಿ ಅವರ ಪ್ರಾರ್ಥನೆಯಿಂದ ನೀರಿನ ಒರತೆ ಹುಟ್ಟಿತೆಂಬ ಐತಿಹ್ಯವಿದೆ. ಈಗಲೂ ಅಲ್ಲಿಗೆ ಯಾತ್ರಿಕರು ಹೋಗುತ್ತಾರೆ. ಐತಿಹ್ಯವನ್ನು ಚರಿತ್ರೆಯೆಂದು ಸ್ವೀಕರಿಸಬೇಕಾಗಿಲ್ಲ. ಆದರೆ ಮೂರೇ ವರ್ಷ ಇದ್ದು ಹೋದ ಮನುಷ್ಯನನ್ನು ಜನರು ಮೂರು ಶತಮಾನ ನೆನೆಯುವುದಕ್ಕೆ ಏನಾದರೊಂದು ಕಾರಣವಿರಲೇಬೇಕು.

೨

ಕೆನರಾದಲ್ಲಿ ಕಲಿತುದನ್ನು ವಾಜ್ ಅವರು ಸಿಂಹಳದಲ್ಲಿ ಪ್ರಯೋಗಿಸಿದರು. ಡಚ್ಚರು ೧೬೫೮ರಲ್ಲಿ ಯಾಳ್ಪಾಣವನ್ನು ಗೆದ್ದ ಮೇಲೆ ತಮ್ಮ ಆಳ್ವಿಕೆಯ ಕರಾವಳಿಯಲ್ಲಿ ಕಥೋಲಿಕ ಗುರುಗಳನ್ನು ಬಹಿಷ್ಕರಿಸಿ, ಅವರಿಗೆ ಆಶ್ರಯ ಕೊಡುವವರಿಗೆ ಮರಣದಂಡನೆಯನ್ನು ಸಾರಿದ್ದರು. ಸುಮಾರು ಮೂವತ್ತು ವರ್ಷ ಅಲ್ಲಿಯ ಕಥೋಲಿಕರಿಗೆ ಗುರುವೇ ಇರಲಿಲ್ಲ. ವಾಜ್ ಅವರು ೧೬೮೭ರಲ್ಲಿ ಕೂಲಿಯವನ ವೇಷದಲ್ಲಿ, ಜಾನ್ ಎಂಬ ಸೇವಕನೊಬ್ಬನೊಡನೆ, ಆ ದ್ವೀಪದಲ್ಲಿ ಇಳಿದರು. ಯಾರು ಕ್ರೈಸ್ತರು, ಯಾರು ಅಲ್ಲ ಎಂದು ಕೇಳುವಂತಿರಲಿಲ್ಲ. ಆದಕಾರಣ ಅವರು ಕೊರಳಲ್ಲಿ ಜಪಮಾಲೆ ಧರಿಸಿ ಮನೆಮನೆಯ ಬಾಗಿಲಲ್ಲಿ ಭಿಕ್ಷೆಗೆ ನಿಂತರು. ಬಹುಮಂದಿ ಭಿಕ್ಷೆ ಹಾಕಿ ಒಳಗೆ ಹೋದರು. ಯಾರ ಕಣ್ಣು ಅಕ್ಕಿಯ ಮೇಲಿರದೆ ಮಾಲೆಯ ಮೇಲೆ ನಿಂತಿತೋ ಅವರು ತಮ್ಮವರೆಂದು ತಿಳಿದುಕೊಂಡರು.

ಅಲ್ಲಿಂದ ಮುಂದೆ ಇಪ್ಪತ್ತನಾಲ್ಕು ವರ್ಷಗಳ ಕಾಲ ಅವರು ಆ ದ್ವೀಪವನ್ನು ಬಿಡಲಿಲ್ಲ. ೧೬೯೨ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಸಂಶಯದಿಂದ ಅಲ್ಲಿಯ ಅರಸನು ಅವರನ್ನು ಸೆರೆಯಲ್ಲಿಟ್ಟನು. ಮುಂದೆ ನಿಜವನ್ನರಿತು ಗೌರವದಿಂದ ಕಂಡನು. ೧೬೯೭ರಲ್ಲಿ ಸಿಡುಬು ಹಬ್ಬಿ ಜನರು ರೋಗಿಗಳನ್ನು ಕಾಡಿಗೆ ಬಿಟ್ಟು ಓಡಿದಾಗ, ಇವರು ಮತಭೇದವೆಣಿಸದೆ ಅವರ ಶುಶ್ರೂಷೆಯನ್ನು ಮಾಡಿದರು. ಪ್ರತಿ ಊರಿನಲ್ಲಿಯೂ ಗೃಹಸ್ಥನೊಬ್ಬನನ್ನು ಗೊತ್ತುಮಾಡಿ, ಪ್ರಾರ್ಥನೆ ನಡೆಸುವ, ಮಕ್ಕಳಿಗೆ ಕಲಿಸುವ, ಗುರುವಿಲ್ಲದಾಗ ಶಿಶುವಿಗೆ ದೀಕ್ಷಾಸ್ನಾನ ಮಾಡಿಸುವ ಭಾರವನ್ನು ಅವನಿಗೆ ಒಪ್ಪಿಸಿದರು. ೧೭೧೧ನೆಯ ಜನವರಿ ೧೬ರಂದು ಕ್ಯಾಂಡಿಯಲ್ಲಿ ಅವರು ಮರಣ ಹೊಂದಿದರು. ೨೦೧೫ರ ಜನವರಿ ೧೪ರಂದು ಪೋಪ್ ಫ್ರಾನ್ಸಿಸರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಅಪೊಸ್ತಲರ ಕಾಲದ ಬಾರ್ನಬನ ಮೂಲನಾಮವೂ ಯೋಸೇಫನೆಂದೇ ಇದ್ದುದು ಇಲ್ಲಿ ಸ್ಮರಣೀಯವಾಗಿದೆ.

೩

ಕೆನರಾದ ಕ್ರೈಸ್ತರಿಗೆ ಇದಕ್ಕಿಂತ ಘೋರವಾದ ಪರೀಕ್ಷೆಯು ಒಂದು ಶತಮಾನದ ಬಳಿಕ ಒದಗಿತು. ಹೈದರಾಲಿಯು ೧೭೬೩ರಲ್ಲಿ ಕೆಳದಿಯ ರಾಜ್ಯವನ್ನು ಗೆದ್ದ ಮೇಲೆ ಕರಾವಳಿಯು ಮೈಸೂರಿಗೆ ಸೇರಿತು. ಮೈಸೂರಿಗೂ ಇಂಗ್ಲಿಷರಿಗೂ ನಡೆದ ಎರಡನೆಯ ಯುದ್ಧದಲ್ಲಿ ೧೭೮೩ರಲ್ಲಿ ಮಂಗಳೂರು ಇಂಗ್ಲಿಷರ ಕೈಸೇರಿತು. ದೀರ್ಘ ಮುತ್ತಿಗೆಯ ಬಳಿಕ ೧೭೮೪ರ ಜನವರಿಯಲ್ಲಿ ಟಿಪ್ಪು ಸುಲ್ತಾನನಿಗೆ ಮರಳಿ ಒಪ್ಪಿತು. ಕ್ರೈಸ್ತರು ಇಂಗ್ಲಿಷರಿಗೆ ಧನದಿಂದಲೂ ಸುದ್ದಿಯಿಂದಲೂ ನೆರವಾದರೆಂದು ಸುಲ್ತಾನನು ಬಗೆದನು. ಕೆಲವರ ಮೇಲಿನ ಸಂಶಯದ ಫಲವನ್ನು ಎಲ್ಲರೂ ಉಣ್ಣಬೇಕಾಯಿತು. ಗುರುಗಳನ್ನು ಗಡೀಪಾರು ಮಾಡಲಾಯಿತು; ದೇವಾಲಯಗಳು ನೆಲಸಮವಾದವು; ಭೂಮಿಕಾಣಿಗಳು ಮುಟ್ಟುಗೋಲಾದವು. ೧೭೮೪ರ ವಿಭೂತಿ ಬುಧವಾರದಂದು ಈ ಬಂಧನವು ನಡೆಯಿತೆಂದು ಸಮಾಜದ ಪರಂಪರೆಯು ನೆನಪಿಟ್ಟುಕೊಂಡಿದೆ. ಸೆರೆಹೋದವರ ಸಂಖ್ಯೆಯನ್ನು ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಬೇರೆ ಬೇರೆಯವರು ಬೇರೆ ಬೇರೆಯಾಗಿ ಹೇಳಿದ್ದಾರೆ. ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆಯುವ ದಾರಿಯಲ್ಲಿಯೇ ಮುದುಕರೂ ಮಕ್ಕಳೂ ಅನೇಕರು ಸತ್ತರು. ಉಳಿದವರಲ್ಲಿ ಪ್ರಾಯದ ಗಂಡಸರನ್ನು ಸೈನ್ಯದ ಅಹಮದಿ ದಳಗಳಿಗೆ ಸೇರಿಸಲಾಯಿತು. ಮತವನ್ನೂ ಹೆಸರನ್ನೂ ಬದಲಿಸಲಾಯಿತು.

೧೭೯೯ನೆಯ ಮೇ ೪ರಂದು ಶ್ರೀರಂಗಪಟ್ಟಣವು ಬೀಳುವವರೆಗೆ ಹದಿನೈದು ವರ್ಷ ಈ ಸ್ಥಿತಿ ಮುಂದುವರಿಯಿತು. ಹದಿನೈದು ವರ್ಷವೆಂದರೆ ಒಂದು ತಲೆಮಾರೇ ಸರಿ. ಸೆರೆಯಲ್ಲಿ ಹುಟ್ಟಿದ ಮಗುವು ದೇವಾಲಯವನ್ನಾಗಲಿ, ಗುರುವನ್ನಾಗಲಿ, ಹಬ್ಬವನ್ನಾಗಲಿ ಕಂಡುದಿಲ್ಲ. ಹೊರಗೆ ಬೇರೆ ಹೆಸರು, ಬೇರೆ ಆಚಾರ. ಹೀಗಿದ್ದೂ ಬಿಡುಗಡೆಯಾದೊಡನೆ ಬದುಕುಳಿದವರಲ್ಲಿ ಸಹಸ್ರಾರು ಜನರು ಘಟ್ಟವಿಳಿದು ತಮ್ಮ ಊರುಗಳಿಗೆ ಕ್ರೈಸ್ತರಾಗಿಯೇ ಹಿಂದಿರುಗಿದರು. ಗ್ರಂಥವಿಲ್ಲದೆ, ಗುರುವಿಲ್ಲದೆ ಇದು ಸಾಧ್ಯವಾದ ಬಗೆಯಾವುದು? ತಾಯಿ ಮಗುವಿಗೆ ಪಿಸುಮಾತಿನಲ್ಲಿ ಕಲಿಸಿದ ಪ್ರಾರ್ಥನೆ, ಅಜ್ಜಿ ಹೇಳಿದ ಊರಿನ ಕಥೆ, ಸೆರೆಯಲ್ಲಿ ಪಕ್ಕದಲ್ಲಿದ್ದವನು ಹೇಳಿದ ಎರಡು ಧೈರ್ಯದ ಮಾತು, ಇವಲ್ಲದೆ ಬೇರೆ ಸಾಧನವು ಅವರಿಗೆ ಇರಲು ಸಾಧ್ಯವಿರಲಿಲ್ಲ. ವೇದವನ್ನು ಸಹಸ್ರಾರು ವರ್ಷ ಕಾಪಾಡಿದುದು ಬಾಯಿಂದ ಕಿವಿಗೆ ಹರಿದ ಪಾಠವೇ ಆಗಿದೆ. ಆಪತ್ಕಾಲದಲ್ಲಿ ಈ ಜನರನ್ನು ಕಾಪಾಡಿದುದೂ ಅದೇ ಮಾರ್ಗವೆಂದು ಊಹಿಸುವುದು ಯುಕ್ತವಾಗಿದೆ.

ಅನ್ಯಮತೀಯರಾದ ಅರಸರ ಸೌಜನ್ಯವನ್ನೂ ಇಲ್ಲಿ ಮರೆಯುವಂತಿಲ್ಲ. ಮೂಡಬಿದಿರೆಯ ಸಮೀಪದ ಹೊಸಪೇಟೆಯ ದೇವಾಲಯವೊಂದು ನಾಶವಾಗದೆ ಉಳಿಯಿತು. ಜೈನರಾದ ಅಲ್ಲಿಯ ಚೌಟ ಅರಸರ ಬಿನ್ನಹವೇ ಅದಕ್ಕೆ ಕಾರಣ. ಸೆರೆಯಿಂದ ತಪ್ಪಿಸಿಕೊಂಡು ಕೊಡಗಿಗೆ ಓಡಿಬಂದ ಕ್ರೈಸ್ತರಿಗೆ ಲಿಂಗಾಯತನಾದ ದೊಡ್ಡ ವೀರರಾಜೇಂದ್ರನು ತನ್ನ ಹೆಸರಿನಲ್ಲಿ ನೆಲೆಗೊಳಿಸಿದ ವೀರರಾಜಪೇಟೆಯಲ್ಲಿ ೧೭೯೨ರಲ್ಲಿ ಆಶ್ರಯವಿತ್ತು, ಸಂತ ಅನ್ನಮ್ಮನವರ ದೇವಾಲಯಕ್ಕೆ ಅವಕಾಶ ಕೊಟ್ಟನು. ಮಾನ್ಯಖೇಟದ ಆಚಾರ್ಯರು ತಮ್ಮ ಧರ್ಮಬಂಧುಗಳಿಗಾಗಿ ಹೇಳಿದ ವಾತ್ಸಲ್ಯವು ಮೂಡಬಿದಿರೆಯಲ್ಲಿ ಪರಧರ್ಮದವರಿಗೂ ಸಂದುದು ಗಮನಾರ್ಹ.

೪

ಬಿಡುಗಡೆಯೊಂದಿಗೆ ಕಷ್ಟಗಳು ತೀರಲಿಲ್ಲ. ಹೊಸ ತೊಡಕುಗಳು ಹುಟ್ಟಿದವು. ಸೆರೆಯಲ್ಲಿ ಬಲಾತ್ಕಾರದಿಂದ ಮತ ಬದಲಿಸಿದವನನ್ನು ಸಮಾಜವು ಹೇಗೆ ಕಾಣಬೇಕು? ಅಲ್ಲಿ ಆದ ಮದುವೆಗಳ ಗತಿಯೇನು? ಹಿಂದಿರುಗಿದವನ ಗದ್ದೆಯನ್ನು ಈಗ ಬೇರೊಬ್ಬನು ಉಳುತ್ತಿದ್ದರೆ ಹೇಗೆ? ಪಾಪಿಯೆಂದು ಹೊರಗಿಟ್ಟಿದ್ದರೆ ಸಮಾಜವೇ ಉಳಿಯುತ್ತಿರಲಿಲ್ಲ. ಸ್ಥಿತೀಕರಣವು ಇಲ್ಲಿ ಶಾಸ್ತ್ರದ ಮಾತಾಗಿ ಉಳಿಯದೆ ಪ್ರತಿ ಮನೆಯ ಹೊಸ್ತಿಲಲ್ಲಿ ನಿರ್ಣಯವಾಗಬೇಕಾದ ವಿಷಯವಾಯಿತು.

ಶ್ರೀರಂಗಪಟ್ಟಣದಲ್ಲಿಯೂ ಮೈಸೂರು ಸೀಮೆಯಲ್ಲಿಯೂ ಉಳಿದ ಕ್ರೈಸ್ತರನ್ನು ಮರಳಿ ಕೂಡಿಸುವ ಕಾರ್ಯಕ್ಕೆ ನಿಂತವರು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ. ೧೭೯೨ರಲ್ಲಿ ಹಿಂದೂಸ್ಥಾನಕ್ಕೆ ಬಂದ ಇವರು ದೇಶೀಯರಂತೆ ಉಡುಗೆ ತೊಟ್ಟು, ಮಾಂಸವನ್ನು ವರ್ಜಿಸಿ, ಹಳ್ಳಿಗಳಲ್ಲಿ ಬಾಳಿದರು. ಜನರು ಇವರನ್ನು ದೊಡ್ಡಸ್ವಾಮಿಯವರೆಂದು ಕರೆದರು. ಹಾಸನದ ಸೀಮೆಯ ಸಾತಹಳ್ಳಿಯಲ್ಲಿ ನೆಲೆಯಿಲ್ಲದ ಕುಟುಂಬಗಳನ್ನು ಬೇಸಾಯಕ್ಕೆ ಹಚ್ಚಿದರು. ಸಿಡುಬಿಗೆ ದೇವಿ ಹಾಕಿಸುವ ಪದ್ಧತಿಯನ್ನು ಮೈಸೂರು ಸೀಮೆಯಲ್ಲಿ ಹರಡಿದವರಲ್ಲಿಯೂ ಇವರೇ ಮೊದಲಿಗರು. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಗ್ರಂಥದಿಂದ ಇವರ ಹೆಸರು ಯೂರೋಪಿನಲ್ಲಿ ಪ್ರಸಿದ್ಧವಾಯಿತು.

ಆದರೆ ಈ ಮಹಾಶಯರ ಜೀವನದಲ್ಲಿ ವಿಚಿತ್ರವಾದೊಂದು ವೈರುಧ್ಯವಿದೆ. ಇತರರ ಶ್ರದ್ಧೆಗೆ ಮೂವತ್ತು ವರ್ಷ ಊರುಗೋಲಾದವರು ತಾವೇ ನಿರಾಶರಾದರು. ೧೮೨೩ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಹಿಂದೂಸ್ಥಾನದಲ್ಲಿ ಕ್ರೈಸ್ತಮತವು ಬೆಳೆಯುವ ಸಂಭವವಿಲ್ಲವೆಂದು ಬರೆದು, ಆ ವರ್ಷವೇ ಫ್ರಾನ್ಸಿಗೆ ಹಿಂದಿರುಗಿದರು. ಅವರ ಅಭಿಪ್ರಾಯವನ್ನು ಖಂಡಿಸಿ ಇಂಗ್ಲಿಷ್ ಮಿಷನರಿಗಳು ಉತ್ತರಗಳನ್ನು ಬರೆದರು. ಮತದ ಹರಡುವಿಕೆಯನ್ನು ಕುರಿತು ಅವರ ಮಾತು ಎಷ್ಟು ಸರಿಯೆಂಬ ಚರ್ಚೆ ಇಲ್ಲಿ ಅಪ್ರಸ್ತುತ. ಅವರು ನೆಲೆಗೊಳಿಸಿದ ಸಾತಹಳ್ಳಿಯ ಕ್ರೈಸ್ತ ಸಮಾಜವಾದರೋ ಇಂದಿಗೂ ಇದೆ. ಧೈರ್ಯ ಹೇಳುವವನ ಮನಸ್ಸಿನಲ್ಲಿ ಧೈರ್ಯವು ಸದಾ ತುಂಬಿರಬೇಕೆಂಬ ನಿಯಮವಿಲ್ಲ. ಅವನು ಮಾಡಿದ ಕಾರ್ಯವು ಅವನ ಮನಃಸ್ಥಿತಿಗಿಂತ ಹೆಚ್ಚು ಕಾಲ ಬಾಳಬಹುದು.

೫

ಶ್ರದ್ಧೆಗೆ ಆಸರೆಯೆಂಬುದು ಮಾತಿನಿಂದಷ್ಟೇ ಆಗತಕ್ಕದ್ದಲ್ಲ. ಅನ್ನದ ಪ್ರಶ್ನೆಯೂ ಅದರಲ್ಲಿ ಅಡಗಿದೆ. ಇದನ್ನು ಮನಗಂಡವರು ಬಾಸೆಲ್ ಮಿಷನ್ನಿನವರು. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ೧೮೩೪ರಲ್ಲಿ ಮಂಗಳೂರಿಗೆ ಬಂದು ಪ್ರಾಟೆಸ್ಟಂಟ್ ಸಭೆಯೊಂದನ್ನು ಕಟ್ಟಿದರು. ಅವರ ಮತವನ್ನು ಸೇರಿದವನಿಗೆ ಒಡನೆಯೇ ಒದಗುತ್ತಿದ್ದ ಕಷ್ಟವೆಂದರೆ ಮನೆಯಿಂದ ಬಹಿಷ್ಕಾರ, ಕುಲಕಸುಬಿನ ನಾಶ. ೧೮೪೪ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ತರುಣ ಆನಂದರಾವ್ ಕೌಂಡಿಣ್ಯರು ಮೇಲು ಮನೆತನದವರಾಗಿದ್ದೂ ಬಂಧುವರ್ಗವನ್ನು ಕಳೆದುಕೊಳ್ಳಬೇಕಾಯಿತು. ಬಡವರ ಪಾಡನ್ನು ಹೇಳತಕ್ಕದ್ದೇನು? ಕೌಂಡಿಣ್ಯರು ಬಾಸೆಲಿನಲ್ಲಿ ಓದಿ ೧೮೫೧ರಲ್ಲಿ ಗುರುದೀಕ್ಷೆ ಪಡೆದು ಹಿಂದಿರುಗಿ, ತಮ್ಮಂತೆಯೇ ಮನೆಮಾರು ಬಿಟ್ಟು ಬಂದವರಿಗೆ ಪಾಠ ಹೇಳಿದರು.

ಅದೇ ೧೮೫೧ರಲ್ಲಿ ಹಾಲರ್ ಎಂಬವರ ಮೇಲ್ವಿಚಾರಣೆಯಲ್ಲಿ ನೇಯ್ಗೆಯ ಕಾರ್ಖಾನೆಯೂ, ೧೮೬೫ರಲ್ಲಿ ಪ್ಲೆಬ್ಸ್ಟ್ ಎಂಬವರಿಂದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯೂ ನಡೆಯತೊಡಗಿದವು. ಮಂಗಳೂರು ಹೆಂಚು ದೇಶದೇಶಗಳಿಗೆ ಹೋಯಿತು. ಅದರ ಮೂಲವು ಕೆಲಸ ಕಳೆದುಕೊಂಡ ಧರ್ಮಬಂಧುವಿಗೆ ಕೂಳು ದೊರಕಿಸುವ ಚಿಂತೆಯಲ್ಲಿ ಇದ್ದಿತು. ಈ ಮಾರ್ಗದಲ್ಲಿಯೂ ದೋಷವಿಲ್ಲದಿಲ್ಲ. ಸಭೆಯೇ ಧಣಿಯಾದರೆ ಆಳಿನ ಶ್ರದ್ಧೆ ಎಷ್ಟು, ಅಂಜಿಕೆ ಎಷ್ಟು ಎಂದು ಅಳೆಯುವುದು ಕಷ್ಟ. ಕೈಹಿಡಿದು ನಡೆಸುವವನು ಕೈಬಿಡಬೇಕಾದ ಗಳಿಗೆಯನ್ನೂ ಅರಿತಿರಬೇಕು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರವು ಮಿಷನ್ನಿನ ಜರ್ಮನ್ನರನ್ನು ಹೊರಕ್ಕೆ ಕಳುಹಿಸಿ ಕಾರ್ಖಾನೆಗಳನ್ನು ವಶಪಡಿಸಿಕೊಂಡಾಗ ಆ ಗಳಿಗೆಯು ಬಲವಂತವಾಗಿ ಬಂದಿತು. ಸಭೆಯು ದೇಶೀಯರ ಕೈಯಲ್ಲಿ ಉಳಿದುಕೊಂಡಿತು.

೬

ಈ ವೃತ್ತಾಂತಗಳನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿ ತಿಳಿದುಬರುವುದು. ಗುರುಗಳು ಬಂದರು, ಹೋದರು. ಅರಸರು ಕೊಟ್ಟರು, ಕಸಿದುಕೊಂಡರು. ಕರಾವಳಿಯ ಕ್ರೈಸ್ತ ಕೇರಿಗಳಲ್ಲಿ ಮಾತ್ರ ಗುರಿಕಾರನೆಂಬ ಗೃಹಸ್ಥನು ತಲೆಮಾರಿನಿಂದ ತಲೆಮಾರಿಗೆ ಉಳಿದುಬಂದನು. ಕೊಂಕಣಿಯಲ್ಲಿ ಗುರ್ಕಾರನೆನ್ನುವ ಈ ಹಿರಿಯನು ಕೇರಿಯ ಮನೆಗಳ ಸುಖದುಃಖಗಳನ್ನು ವಿಚಾರಿಸುವವನು, ಮದುವೆ ಮರಣಗಳಲ್ಲಿ ಮುಂದೆ ನಿಲ್ಲುವವನು, ದೇವಾಲಯಕ್ಕೂ ಮನೆಗೂ ನಡುವಣ ಸೇತುವೆ. ಸೆಪ್ಟೆಂಬರ್ ೮ರ ಮೊಂತಿ ಹಬ್ಬದಲ್ಲಿ ಹೊಸ ತೆನೆಯನ್ನು ದೇವಾಲಯದಲ್ಲಿ ಹರಸಿ ಪ್ರತಿ ಮನೆಗೂ ಹಂಚುವರು. ಮನೆಯವರೆಲ್ಲರೂ ಕೂಡಿ ಅದನ್ನು ಹಾಲಿನಲ್ಲಿ ಬೆರೆಸಿ ಸೇವಿಸುವರು. ದೂರದಲ್ಲಿರುವವರಿಗೂ ಒಂದೆರಡು ಕಾಳುಗಳನ್ನು ಕಳುಹಿಸಿಕೊಡುವರು. ಬೇರೆ ಊರಿನಲ್ಲಿರುವ ಮಗನಿಗೆ ಆ ಕಾಳು ಹೇಳುವುದು ಇಷ್ಟೇ: ನಿನ್ನ ಪಾಲು ಇಲ್ಲಿದೆ.

ಕಲಬುರಗಿಯ ಸೀಮೆಗೆ ಈ ಮಾತು ಅನ್ವಯಿಸದೆ ಇಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದ ಮೆಥೋಡಿಸ್ಟ್ ಮಿಷನ್ನಿನವರು ಈ ಭಾಗದಲ್ಲಿ ಸಭೆಗಳನ್ನು ಸ್ಥಾಪಿಸಿದರು. ೨೦೦೫ರಲ್ಲಿ ಕಥೋಲಿಕರಿಗೆ ಕಲಬುರಗಿ ಧರ್ಮಪ್ರಾಂತವು ಪ್ರತ್ಯೇಕವಾಯಿತು. ಅದರ ಮೊದಲನೆಯ ಬಿಷಪರು ಮಂಗಳೂರಿನ ಕಡೆಯಿಂದ ಬಂದವರು. ೨೦೧೧ರ ಜನಗಣತಿಯಂತೆ ಕಲಬುರಗಿ ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. ಶಹಾಬಾದ, ವಾಡಿಗಳಂತಹ ರೈಲು ಮತ್ತು ಸಿಮೆಂಟಿನ ಊರುಗಳಿಗೆ ದುಡಿಮೆಗೆಂದು ಬರುವ ಇಂತಹ ಕುಟುಂಬಕ್ಕೆ ಭಾಷೆಯೂ ನೆರೆಯೂ ಹೊಸತಾಗಿರುವುದು ಸಹಜ. ದೊಡ್ಡ ದೇವಾಲಯಗಳ ಗಂಟೆಯು ಕೇಳದ ಇಂತಹ ಕಡೆಗಳಲ್ಲಿ ಸಮಾಜವು ಉಳಿಯುವುದು ಒಬ್ಬ ಗೃಹಸ್ಥನು ಇನ್ನೊಬ್ಬನ ಬಾಗಿಲನ್ನು ತಟ್ಟುವುದರಿಂದ. ಅಲ್ಪಸಂಖ್ಯಾತರಾಗಿ ಹಳ್ಳಿಹಳ್ಳಿಗಳಲ್ಲಿ ಚದರಿರುವ ಎಲ್ಲ ಮತದವರಿಗೂ ಇದು ಸಮಾನವಾದ ಅನುಭವ. ಮಳಖೇಡದ ನೇಮಿನಾಥ ಬಸದಿಯಲ್ಲಿ ಇಂದಿಗೂ ದೀಪ ಹಚ್ಚುವ ಜೈನ ಗೃಹಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.